ಲಿನಕ್ಸ್ ಕಂಪ್ಯೂಟರಿನಲ್ಲಿ ಸಂಗೀತದ ಆ್ಯಪ್

ಕೇಳುಗರಿಗೆ ನಮಸ್ಕಾರ.

ಮನೆಯ ಹಳೆಯ ಕಂಪ್ಯೂಟರಿಗೆ ವಿಂಡೋಸಿನ ಬದಲು ಲಿನಕ್ಸಿನ ಬಗೆಗಳಾದ ಉಬುಂಟುವನ್ನೋ ಲಿನಕ್ಸ್ ಮಿಂಟನ್ನೋ ಹಾಕಿಕೊಂಡವರು, ಇದರಲ್ಲಿ ಹಾಡು ಕೇಳುವ ಆ್ಯಪ್ ಆದ ಸ್ಪಾಟಿಫೈ ನಡೆಯುತ್ತದೆಯೇ ಎಂದು ವಿಚಾರಿಸುವುದುಂಟು. ಖಂಡಿತ ನಡೆಯುತ್ತದೆ. ಆದರೆ ಅದನ್ನು ಎಲ್ಲಿಂದ ತಂದು ಹಾಕಿಕೊಳ್ಳುತ್ತೇವೆ ಎಂಬುದು ಬಹಳ ಮುಖ್ಯ.

ಯಾವುದೋ ಜಾಲತಾಣದಿಂದ ಕಡತವೊಂದನ್ನು ಇಳಿಸಿಕೊಂಡು ಅದರ ಮೇಲೆ ಕ್ಲಿಕ್ ಮಾಡುವುದು ವಿಂಡೋಸಿನಲ್ಲಿ ನಮಗಾಗಿರುವ ರೂಢಿ. ಲಿನಕ್ಸಿನಲ್ಲಿ ತಂತ್ರಾಂಶಗಳು ಹೆಚ್ಚಾಗಿ ರೆಪಾಸಿಟರಿ ಎಂಬ ಭಂಡಾರದಿಂದ ಬರುತ್ತವೆ. ಅಲ್ಲಿಂದ ಬಂದದ್ದರ ಡಿಜಿಟಲ್ ಸಹಿಯನ್ನು, ಅಂದರೆ ಅದು ಅಸಲಿ ಎಂಬುದರ ಗುರುತನ್ನು, ತಾಳೆ ನೋಡಿದ ಬಳಿಕವೇ ಕಂಪ್ಯೂಟರು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಈ ವ್ಯವಸ್ಥೆಯನ್ನು ನಾವಾಗಿ ಮುರಿಯಬಾರದು.

ಉಬುಂಟುವಿನಲ್ಲಿ ಕೆಲಸ ಸುಲಭ. ಆ್ಯಪ್ ಸೆಂಟರಿನಲ್ಲಿ ಸ್ಪಾಟಿಫೈ ಎಂದು ಹುಡುಕಿ, ಪ್ರಕಾಶಕರ ಹೆಸರಿನ ಪಕ್ಕದಲ್ಲಿ ದೃಢೀಕರಣದ ಗುರುತಿದೆಯೇ ಎಂದು ನೋಡಿಕೊಂಡು ಇನ್‌ಸ್ಟಾಲ್ ಒತ್ತಿದರೆ ಸಾಕು. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ಬಳಸುವವರು 'ಸುಡೋ ಸ್ನ್ಯಾಪ್ ಇನ್‌ಸ್ಟಾಲ್ ಸ್ಪಾಟಿಫೈ' ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಬೇಕು. ಆಗ ಅದು ಪಾಸ್‌ವರ್ಡ್ ಕೇಳುತ್ತದೆ. ನೀವು ಟೈಪ್ ಮಾಡುವಾಗ ಪರದೆಯಲ್ಲಿ ಅಕ್ಷರವಾಗಲಿ ಚುಕ್ಕೆಯಾಗಲಿ ಮೂಡದಿದ್ದರೆ ಕೀಬೋರ್ಡ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ.

ಮಿಂಟಿನ ವಿಚಾರ ಬೇರೆ. 2020ರಲ್ಲಿ ಬಂದ 20ನೇ ಆವೃತ್ತಿಯಿಂದ ಅದರಲ್ಲಿ ಸ್ನ್ಯಾಪ್‌ಗೆ, ಅಂದರೆ ಉಬುಂಟುವಿನಲ್ಲಿ ನಾವು ಬಳಸಿದ ಆ ಬಗೆಯ ಪ್ಯಾಕೇಜಿಗೆ, ತಡೆಯಿದೆ. ಅಲ್ಲಿ ಸಿಗುವ ಫ್ಲಾಟ್‌ಪ್ಯಾಕ್ ಎಂಬ ಇನ್ನೊಂದು ಬಗೆಯ ಪ್ಯಾಕೇಜು ಚೆನ್ನಾಗಿಯೇ ನಡೆಯುತ್ತದೆ, ಆದರೆ ಅದನ್ನು ಸಿದ್ಧಪಡಿಸಿದವರು ಸ್ವಯಂಸೇವಕರು, ಸ್ಪಾಟಿಫೈ ಕಂಪನಿಯಲ್ಲ ಎಂಬುದು ತಿಳಿದಿರಲಿ. ಕಂಪನಿಯದ್ದೇ ಬೇಕೆನ್ನುವವರು ಅದರ ರೆಪಾಸಿಟರಿಯನ್ನೂ ಸಹಿಯನ್ನು ತಾಳೆ ನೋಡಲು ಬೇಕಾದ ಕೀಲಿಯನ್ನೂ ಸೇರಿಸಿಕೊಂಡು, ಆ ಮೇಲೆ ರೆಪಾಸಿಟರಿಯಿಂದ ತಂತ್ರಾಂಶ ತರುವ ಆ್ಯಪ್ಟ್ ಎಂಬ ಸಾಧನದ ಮೂಲಕ ಹಾಕಿಕೊಳ್ಳಬೇಕು. ಈ ಕೀಲಿ ಆಗಾಗ ಬದಲಾಗುತ್ತದೆ. ಎಷ್ಟೋ ದಿನ ಸರಿಯಿದ್ದ ಅಪ್‌ಡೇಟ್ ಇದ್ದಕ್ಕಿದ್ದಂತೆ 'ನೋ ಪಬ್‌ಕೀ', ಅಂದರೆ ಕೀಲಿ ಇಲ್ಲ, ಎಂದು ನಿಂತರೆ ಕಾರಣ ಇದೇ. ಸಹಿಯ ಪರಿಶೀಲನೆಯನ್ನೇ ನಿಲ್ಲಿಸಿಬಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಕಂಪನಿಯ ಅಧಿಕೃತ ಪುಟದಿಂದ ಹೊಸ ಕೀಲಿಯನ್ನು ತಂದುಕೊಳ್ಳಿ.

ಲಿನಕ್ಸ್ ಆವೃತ್ತಿಗೆ ಪೂರ್ಣ ಬೆಂಬಲವಿಲ್ಲವೆಂದು ಕಂಪನಿಯೇ ತಿಳಿಸಿದೆ. ಅಲ್ಲಿನ ಎಂಜಿನಿಯರುಗಳು ಅಕ್ಕರೆಯಿಂದ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಆ ಶ್ರಮಕ್ಕೆ ನಾವು ಕೃತಜ್ಞರಾಗಿರಬೇಕು.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ವರ್ಟರ್ ಇದ್ದರೂ ಇಂಟರ್‌ನೆಟ್ ಕೈಕೊಡುತ್ತದೆ. ಡೌನ್‌ಲೋಡ್ ಸೌಲಭ್ಯವಿರುವ ಚಂದಾ ನಿಮ್ಮದಾಗಿದ್ದರೆ, ಇಷ್ಟದ ತುಳು ಹಾಡುಗಳನ್ನೋ ಭಾವಗೀತೆಗಳನ್ನೋ ಮೊದಲೇ ಇಳಿಸಿಟ್ಟುಕೊಳ್ಳಿ. 30 ದಿನಗಳಿಗೊಮ್ಮೆಯಾದರೂ ಆ್ಯಪ್ ಇಂಟರ್‌ನೆಟ್ಟಿಗೆ ಸೇರದಿದ್ದರೆ ಇಳಿಸಿಟ್ಟ ಹಾಡುಗಳು ಅಳಿಸಿಹೋಗುತ್ತವೆ.