ನೋವಿನ ಮದ್ದು ಕೊನೆಯ ದಿನಕ್ಕೆ ಕಾಯಬಾರದು

ಆತ್ಮೀಯ ಕೇಳುಗರೇ, ನಮಸ್ಕಾರ.

ನನಗಿರುವ ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ಪೂರ್ತಿ ಗುಣವಾಗುವ ಹಂತ ದಾಟಿದೆಯೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆದರೂ ಅಡುಗೆ, ಓದು, ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುವುದು ಎಲ್ಲವೂ ನಡೆದಿದೆ. ಏಕೆಂದರೆ ನನ್ನ ನೋವು ಹತೋಟಿಯಲ್ಲಿದೆ. ಇದೇ ಕಾಯಿಲೆಯ ಎಷ್ಟೋ ಜನರಿಗೆ ಆ ನೆಮ್ಮದಿ ಸಿಕ್ಕಿಲ್ಲವೆಂಬ ಸಂಕಟದಿಂದ ಈ ಮಾತುಗಳನ್ನಾಡುತ್ತಿದ್ದೇನೆ.

"ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂಬ ಮಾತನ್ನು ಕೇಳಿ ಕಂಗಾಲಾದ ಕುಟುಂಬಗಳನ್ನು ಆಸ್ಪತ್ರೆಯ ಬೆಂಚುಗಳ ಮೇಲೆ ಕಂಡಿದ್ದೇನೆ. ಆ ಮಾತು ನಿಜವಲ್ಲ. ಗಡ್ಡೆಯನ್ನು ಕರಗಿಸಲಾಗದಿದ್ದರೂ ವಾಂತಿಗೆ, ಉಬ್ಬಸಕ್ಕೆ, ನಿದ್ದೆಗೇಡಿಗೆ ಉಪಶಮನವಿದೆ. ಮೂಳೆಯ ನೋವು ಎಷ್ಟೋ ಸಲ ಒಂದೇ ಬಾರಿಯ ರೇಡಿಯೇಶನ್‌ನಿಂದ ತಗ್ಗುತ್ತದೆ. ಹುಣ್ಣಿನ ವಾಸನೆಗೆ ನಾಚಿ ಮೂಲೆಯ ಕೋಣೆ ಸೇರಿದವರಿಗೆ, ಮೆಟ್ರೊನಿಡಜೋಲ್ ಎಂಬ ಅಗ್ಗದ ಔಷಧವನ್ನು ಗಾಯಕ್ಕೆ ಹಾಕಿ ಆ ವಾಸನೆಯನ್ನು ಇಳಿಸಬಹುದೆಂಬುದನ್ನು ಯಾರೂ ಹೇಳಿರುವುದಿಲ್ಲ.

ಇಂಥ ಉಪಶಮನ ಆರೈಕೆ ಚಿಕಿತ್ಸೆ ಮುಗಿದ ಮೇಲೆ ಬರುವಂಥದ್ದಲ್ಲ, ಕೀಮೋ ಜೊತೆಯಲ್ಲೇ ಶುರುವಾಗಬೇಕಾದದ್ದು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳ ಮೇಲೆ ಬಾಸ್ಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದಲೇ ಈ ಆರೈಕೆ ಪಡೆದವರ ಬದುಕು ಹೆಚ್ಚು ಹಿತವಾಗಿತ್ತು. ಅವರಲ್ಲಿ ಅರ್ಧದಷ್ಟು ಜನ 11.6 ತಿಂಗಳಿಗಿಂತ ಹೆಚ್ಚು ಕಾಲ ಬದುಕಿದರು, ಉಳಿದವರಲ್ಲಿ ಅರ್ಧದಷ್ಟು ಜನ 8.9 ತಿಂಗಳಿಗಿಂತ ಹೆಚ್ಚು ಕಾಲ.

ಇನ್ನು ಮಾರ್ಫಿನ್, ಅಂದರೆ ತೀವ್ರ ನೋವಿಗೆ ಕೊಡುವ, ಅಫೀಮಿನಿಂದ ತಯಾರಾಗುವ ಔಷಧ. 1985ರ ಮಾದಕ ವಸ್ತು ಕಾಯ್ದೆಯ ಬಿಗಿ ನಿಯಮಗಳಿಂದಾಗಿ ಪರವಾನಗಿಗಳ ತೊಡಕಿಗೆ ಹೆದರಿ ಆಸ್ಪತ್ರೆಗಳು ಈ ಔಷಧವನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಆ ತೊಡಕನ್ನು ಸಡಿಲಿಸಿತಾದರೂ ಮಾತ್ರೆಗಾಗಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬರುವವರು ಈಗಲೂ ಇದ್ದಾರೆ. ಮನೆಮಂದಿಯ ಹೆದರಿಕೆ ಬೇರೆ: ಚಟವಾದೀತು, ಮಾರ್ಫಿನ್ ಕೊಟ್ಟರೆಂದರೆ ಕೊನೆಗಾಲ ಬಂತು ಎಂದು. ವೈದ್ಯರ ನಿಗಾದಲ್ಲಿ ನೋವಿಗೆ ತಕ್ಕಷ್ಟು, ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ಚಟ ಹತ್ತುವುದು ಬಹಳ ಅಪರೂಪ. ಮಲಬದ್ಧತೆ ಮಾತ್ರ ಬಹುತೇಕ ಎಲ್ಲರನ್ನೂ ಕಾಡುವುದರಿಂದ ಅದಕ್ಕೊಂದು ಔಷಧವನ್ನು ಮೊದಲ ದಿನವೇ ಕೇಳಿ ಪಡೆಯಬೇಕು.

"ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ" ಎಂದು ಮಕ್ಕಳು ಬಾಗಿಲಾಚೆ ಪಿಸುಗುಟ್ಟುವುದು ಪ್ರೀತಿಯಿಂದಲೇ. ಆದರೆ ಅಮ್ಮನಿಗೆ ತಿಳಿದೇ ಇರುತ್ತದೆ. ತಿಳಿದದ್ದನ್ನು ಯಾರೊಡನೆಯೂ ಆಡಲಾಗದ ಒಂಟಿತನ ಕಾಯಿಲೆಯಷ್ಟೇ ಕಠಿಣ. ಮುಂದಿನ ಚಿಕಿತ್ಸೆ ಬೇಕೋ ಬೇಡವೋ, ಆಸ್ಪತ್ರೆಯೋ ಮನೆಯೋ ಎಂಬುದನ್ನು ಆಕೆಯೇ ಹೇಳಲಿ.

ಬೆಂಗಳೂರಿನ ಕರುಣಾಶ್ರಯ ಎಂಬ ಆರೈಕೆ ಕೇಂದ್ರ 1999ರಿಂದ ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಕೇರಳವು 2008ರಲ್ಲೇ ಉಪಶಮನ ಆರೈಕೆಗೆ ನೀತಿ ರೂಪಿಸಿ, ಪಂಚಾಯಿತಿಗಳ ಮೂಲಕ ದಾದಿಯರನ್ನು ರೋಗಿಯ ಮನೆಗೇ ಕಳಿಸುತ್ತಿದೆ. ನಮ್ಮ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಈ ತರಬೇತಿ ಪಡೆದ ಒಬ್ಬ ವೈದ್ಯರು, ಒಬ್ಬ ದಾದಿ ಮತ್ತು ಬೀರುವಿನಲ್ಲಿ ಮಾರ್ಫಿನ್ ಇರಬೇಕೆಂದು ನಾವು ರೋಗಿಗಳು ಕೇಳುತ್ತಿದ್ದೇವೆ. ನಮ್ಮ ಮನೆಯವರೂ ದನಿಗೂಡಿಸಬೇಕು.

ಅಲ್ಲಿಯವರೆಗೆ, ವೈದ್ಯರ ಮುಂದೆ ಕುಳಿತಾಗ "ಪರವಾಗಿಲ್ಲ" ಎನ್ನಬೇಡಿ. ನೋವು ಎಲ್ಲಿದೆ, ಯಾವ ಹೊತ್ತಿನಲ್ಲಿ ಏರುತ್ತದೆ, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಓದಿ ಹೇಳಿ.