ವಿಯೆಟ್ನಾಮಿನಲ್ಲಿ ಹೊತ್ತು ನೋಡಿ ಉಣ್ಣಿ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಯೆಟ್ನಾಮಿಗೆ ಹೋಗಿಬರುವವರು ನಮ್ಮಲ್ಲಿ ಈಗ ಬಹಳ ಮಂದಿ. 2023ರ ಆಗಸ್ಟ್ ತಿಂಗಳಿನಿಂದ ಆ ದೇಶ 90 ದಿನಗಳ ಇ-ವೀಸಾ ಕೊಡುತ್ತಿದೆ. ಮನೆಯಲ್ಲಿ ಕುಳಿತೇ ಅರ್ಜಿ ಹಾಕಬಹುದು. ಆದರೆ ಹೋಗಿಬಂದವರನ್ನು ಊಟ ಹೇಗಿತ್ತು ಎಂದು ವಿಚಾರಿಸಿದರೆ, "ದಿನವೂ ಇಂಡಿಯನ್ ಊಟವೇ ಸಿಕ್ಕಿತು, ಏನೂ ತೊಂದರೆಯಾಗಲಿಲ್ಲ" ಎಂದು ಸಂತೋಷದಿಂದ ಹೇಳುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೀದಿ ಊಟಕ್ಕೆ ಜಗತ್ತಿನಲ್ಲೇ ಹೆಸರಾದ ನಗರಗಳಿಗೆ ಹೋಗಿ, ಪ್ರವಾಸದ ಬಸ್ಸು ನಿಲ್ಲಿಸಿದ ಕಡೆ ಪನೀರು, ರೊಟ್ಟಿ ತಿಂದು ಬರುವುದಕ್ಕೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ಇಂದಿನ ಮಾತಿನಲ್ಲಿ 5 ದಿನಗಳ ಊಟದ ಪ್ರವಾಸವೊಂದನ್ನು ನಿಮ್ಮ ಮುಂದಿಡುತ್ತೇನೆ: ಹನೋಯ್‌ನಲ್ಲಿ 2 ದಿನ, ಹುಯೆಯಲ್ಲಿ 1 ದಿನ, ಸೈಗಾನಿನಲ್ಲಿ 2 ದಿನ. ಇದರಲ್ಲಿ ನೀವು ನೆನಪಿಡಬೇಕಾದ ಸಂಗತಿ ಒಂದೇ. ಅಲ್ಲಿ ಒಂದು ಅಂಗಡಿಗೆ ಒಂದೇ ತಿನಿಸು, ಆ ತಿನಿಸಿಗೆ ಒಂದೇ ಹೊತ್ತು. ಹೊತ್ತು ತಪ್ಪಿದರೆ ಆ ತಿನಿಸು ನಿಮಗಿಲ್ಲ. ಹೊತ್ತಿಗೆ ಸರಿಯಾಗಿ ಹೋದರೆ, ಪಾದಚಾರಿ ದಾರಿಯ ಮೇಲೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ದೊಡ್ಡ ಹೋಟೆಲುಗಳಲ್ಲಿ ದೊರೆಯದ ಊಟವನ್ನು ಇನ್ನೂರು ಮುನ್ನೂರು ರೂಪಾಯಿಯೊಳಗೆ ಉಣ್ಣಬಹುದು.

ಹನೋಯ್‌ನಿಂದ ಪ್ರಾರಂಭಿಸೋಣ. ಹೋವನ್ ಕಿಯೆಮ್ ಸರೋವರದ ಉತ್ತರಕ್ಕೆ ಹಳೆಯ ಪೇಟೆಯಿದೆ. ಜನ ಅದನ್ನು ಮೂವತ್ತಾರು ಬೀದಿಗಳ ಪೇಟೆ ಎನ್ನುತ್ತಾರೆ. ಬೆಳ್ಳಿ ಕೆಲಸದವರಿಗೆ ಒಂದು ಬೀದಿ, ಕಾಗದದ ಸಾಮಾನಿನವರಿಗೆ ಒಂದು ಬೀದಿ ಎಂದು ಕಸುಬಿಗೊಂದು ಬೀದಿಯಿದ್ದ ಊರು ಅದು. ಅಡುಗೆಯಲ್ಲಿಯೂ ಅದೇ ಕ್ರಮ ಉಳಿದುಬಂದಿದೆ. ಒಬ್ಬಾಕೆ ಒಂದೇ ತಿನಿಸನ್ನು ಮಾಡುತ್ತಾಳೆ, ಅವಳ ತಾಯಿಯೂ ಅದನ್ನೇ ಮಾಡುತ್ತಿದ್ದಿರುತ್ತಾಳೆ, ಮೆನು ಕಾರ್ಡು ಇರುವುದೇ ಇಲ್ಲ. ನೀವು ಹೋಗಿ ಕುಳಿತರೆ ಸಾಕು, ಬೋಗುಣಿ ನಿಮ್ಮ ಮುಂದೆ ಬರುತ್ತದೆ.

ಬೆಳಗಿನ ತಿನಿಸು ಫೋ. ಇದು 20ನೆಯ ಶತಮಾನದ ಆರಂಭದಲ್ಲಿ ಹನೋಯ್ ಮತ್ತು ಅದರ ದಕ್ಷಿಣದ ನಾಮ್ ದಿನ್ ಸೀಮೆಯಲ್ಲಿ ರೂಪುಗೊಂಡ ಅಕ್ಕಿ ಶಾವಿಗೆಯ ಸಾರು. ಶಾವಿಗೆ ನಮ್ಮದರಂತೆ ದುಂಡಗಿರದೆ ಚಪ್ಪಟೆಯಾಗಿರುತ್ತದೆ. ಸಾರನ್ನು ಮೂಳೆ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಚಕ್ಕೆ, ಚಕ್ರಮೊಗ್ಗು, ಕಪ್ಪು ಏಲಕ್ಕಿ ಅದರಲ್ಲಿರುತ್ತವೆ. ಫೋ ಬೋ ಎಂದರೆ ದನದ ಮಾಂಸದ್ದು, ಫೋ ಗಾ ಎಂದರೆ ಕೋಳಿಯದು. ಇವೆರಡನ್ನು ಸಾಮಾನ್ಯವಾಗಿ ಬೇರೆ ಬೇರೆ ಅಂಗಡಿಗಳಲ್ಲೇ ಮಾಡುವುದರಿಂದ, ದನದ ಮಾಂಸ ತಿನ್ನದವರು ನೇರವಾಗಿ ಫೋ ಗಾ ಅಂಗಡಿಗೆ ಹೋಗಬಹುದು.

ಇಲ್ಲಿ ನಾನು ಕಣ್ಣಾರೆ ಕಂಡ ಪ್ರಸಂಗವೊಂದನ್ನು ಹೇಳಲೇಬೇಕು. ಮಂಗಳೂರು ಕಡೆಯ ದಂಪತಿ, ಇಬ್ಬರೂ ನಿವೃತ್ತರು, ಹನೋಯ್‌ನಲ್ಲಿ ನಾನಿಳಿದುಕೊಂಡಿದ್ದ ಹೋಟೆಲಿನಲ್ಲೇ ಇದ್ದರು. ಹತ್ತಿರದಲ್ಲೊಂದು ಒಳ್ಳೆಯ ಫೋ ಗಾ ಅಂಗಡಿಯಿದೆ, ಬೆಳಿಗ್ಗೆ ಆರೂವರೆಯೊಳಗೆ ಹೋಗಿ ಎಂದು ನಾನು ಹಿಂದಿನ ರಾತ್ರಿಯೇ ಹೇಳಿದ್ದೆ. ಹೆಂಡತಿ, "ಹೋಟೆಲಿನಲ್ಲಿ ತಿಂಡಿ ಬಿಟ್ಟಿ ಅಲ್ವಾ, ಬಿಡುವುದು ಹೇಗೆ ಮಾರಾಯ್ರೆ?" ಎಂದರು. ಬಿಟ್ಟಿ ತಿಂಡಿಯನ್ನು ನಿಧಾನವಾಗಿ ಮುಗಿಸಿ, ಸ್ನಾನ ಮಾಡಿ, ಹತ್ತೂವರೆಗೆ ಇಬ್ಬರೂ ಆ ಅಂಗಡಿಗೆ ಹೊರಟರು. ನಾನೂ ಜೊತೆಗೆ ಹೋದೆ. ಅಂಗಡಿಯ ಮುಂದೆ ಸ್ಟೂಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಒಬ್ಬ ಹುಡುಗ ನೆಲ ತೊಳೆಯುತ್ತಿದ್ದ. ಅರವತ್ತರ ಆಸುಪಾಸಿನ ಯಜಮಾನಿ ಹಂಡೆಯಂಥ ಪಾತ್ರೆಯನ್ನು ಗೋಡೆಗೆ ಒರಗಿಸಿ ತಿಕ್ಕುತ್ತಿದ್ದಳು. ಮಂಗಳೂರಿನವರು ಎರಡು ಬೆರಳೆತ್ತಿ ತೋರಿಸಿದರು, ಆಕೆ ಇಲ್ಲವೆಂದು ಕೈಯಾಡಿಸಿದಳು. ಹಣ ಹೆಚ್ಚು ಕೇಳುತ್ತಿದ್ದಾಳೆಂದು ಭಾವಿಸಿ ಇವರು ದೊಡ್ಡ ನೋಟೊಂದನ್ನು ಹೊರತೆಗೆದರು. ಆಕೆಗೆ ಸಿಟ್ಟು ಬರಲಿಲ್ಲ. ಎದ್ದು ಬಂದು, ಇವರ ಮಣಿಕಟ್ಟು ಹಿಡಿದು ಪಾತ್ರೆಯ ಬಳಿಗೆ ಕರೆದೊಯ್ದು, ಅದರ ಬರಿದಾದ ತಳವನ್ನು ತೋರಿಸಿ, ಬಳಿಕ ಗೋಡೆಯ ಗಡಿಯಾರದ ಮುಂದೆ ನಿಲ್ಲಿಸಿ ಆರು ಎಂಬ ಅಂಕಿಯ ಮೇಲೆ ಬೆರಳಿನಿಂದ ಟಕಟಕ ಎಂದು ಬಡಿದಳು.

ಮರುದಿನ ಆರು ಗಂಟೆಗೆ ನಾವು ಮೂವರೂ ಅಲ್ಲಿದ್ದೆವು. ಯಜಮಾನಿ ಗುರುತು ಹಿಡಿದು ನಕ್ಕಳು. ಅವಳ ಕೈಕೆಲಸವನ್ನು ನೀವು ನೋಡಬೇಕಿತ್ತು. ಉದ್ದ ಹಿಡಿಯ ಜಾಲರಿಯಲ್ಲಿ ಒಂದು ಹಿಡಿ ಶಾವಿಗೆ ಇಟ್ಟು ಕುದಿಯುವ ನೀರಿನಲ್ಲಿ ಅದ್ದಿ, ಎರಡು ಸಲ ಕೊಡವಿ ಬೋಗುಣಿಗೆ ಸುರಿದಳು. ಬೇಯಿಸಿ ತೂಗುಹಾಕಿದ್ದ ಕೋಳಿಯನ್ನು ಮರದ ದಿಮ್ಮಿಯ ಮೇಲಿಟ್ಟು ಮಚ್ಚುಕತ್ತಿಯಿಂದ ತುಂಡರಿಸಿ, ಚರ್ಮದ ಸಮೇತ ಶಾವಿಗೆಯ ಮೇಲೆ ಹರಡಿದಳು. ಅದರ ಮೇಲೆ ಹಸಿ ಈರುಳ್ಳಿ ಸೊಪ್ಪು, ಕೊತ್ತಂಬರಿ, ಆಮೇಲೆ ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ನಿಂಬೆ ಎಲೆ ಹಾಕಿದಳು. ಆ ನಿಂಬೆ ಎಲೆ ಇಲ್ಲದೆ ಹನೋಯ್‌ನ ಫೋ ಗಾ ಇಲ್ಲ. ಕೊನೆಗೆ ಹಂಡೆಯಿಂದ ಸೌಟು ತುಂಬ ಬಿಸಿ ಸಾರು ಹೊಯ್ದಾಗ ನಿಂಬೆ ಎಲೆಯ ಪರಿಮಳ ಮುಖಕ್ಕೆ ಬಡಿಯಿತು. ಸಾರು ತಿಳಿಯಾಗಿತ್ತು, ಬೋಗುಣಿಯ ತಳದ ನೀಲಿ ಹೂವು ಕಾಣುತ್ತಿತ್ತು. ಮಂಗಳೂರಿನವರು ಮೊದಲ ಗುಟುಕು ಕುಡಿದವರು ಬೋಗುಣಿ ಬರಿದಾಗುವವರೆಗೆ ತಲೆಯೆತ್ತಲಿಲ್ಲ. ಅವರ ಹೆಂಡತಿ ಮಾತ್ರ ನಡುವೆ ಒಮ್ಮೆ, "ನಾಳೆಯೂ ಆ ಬಿಟ್ಟಿ ತಿಂಡಿ ಬಿಡುವ" ಎಂದರು.

ಮೂಳೆಯ ಸಾರನ್ನು ರಾತ್ರಿಯಿಂದ ಕುದಿಸಿ, ಬೆಳಿಗ್ಗೆ ಇಷ್ಟು ಬೋಗುಣಿ ಎಂದು ಮಾರಿ, ಮುಗಿದ ಕೂಡಲೇ ಅಂಗಡಿ ಮುಚ್ಚುವುದು ಅಲ್ಲಿನ ರೀತಿ. ನಿಮಗಾಗಿ ನೀರು ಬೆರೆಸಿ ಸಾರು ಹೆಚ್ಚಿಸುವವಳು ಅವಳಲ್ಲ. ಆದ್ದರಿಂದ ಹೋಟೆಲು ಗೊತ್ತು ಮಾಡುವಾಗಲೇ ಬೆಳಗಿನ ತಿಂಡಿ ಬೇಡವೆಂದು ಹೇಳಿಬಿಡಿ. ಬಿಟ್ಟಿ ಸಿಗುತ್ತದೆಂದರೆ ಅದೇ ನಿಮ್ಮನ್ನು ಕಟ್ಟಿಹಾಕುತ್ತದೆ.

ಮಧ್ಯಾಹ್ನದ ಊಟಕ್ಕೆ ಬುನ್ ಚಾ. ಹನ್ನೊಂದು ಗಂಟೆಗೆ ಹಳೆಯ ಪೇಟೆಯ ಸಂದಿಗೊಂದಿಗಳಲ್ಲಿ ಇದ್ದಿಲ ಒಲೆಯ ಹೊಗೆ ಏಳುತ್ತದೆ; ಹೊಗೆ ಬಂದ ದಿಕ್ಕಿಗೆ ನಡೆದರೆ ಅಂಗಡಿ ಸಿಗುತ್ತದೆ. ಕೆಂಡದ ಮೇಲೆ ಸುಟ್ಟ ಹಂದಿಮಾಂಸವನ್ನು ಹುಳಿ, ಸಿಹಿ, ಉಪ್ಪು ಬೆರೆತ ಬೆಚ್ಚಗಿನ ನೀರುಸಾರಿನಲ್ಲಿ ಹಾಕಿ, ಜೊತೆಗೆ ಅಕ್ಕಿ ಶಾವಿಗೆಯನ್ನೂ ಬುಟ್ಟಿ ತುಂಬ ಹಸಿ ಸೊಪ್ಪನ್ನೂ ಕೊಡುತ್ತಾರೆ. 2016ರ ಮೇ ತಿಂಗಳಿನಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಅವರು ಊಟದ ಟಿವಿ ಕಾರ್ಯಕ್ರಮಗಳಿಗೆ ಹೆಸರಾದ ಬಾಣಸಿಗ ಆಂತೊನಿ ಬೋರ್ಡೇನ್ ಅವರೊಡನೆ ಹನೋಯ್‌ನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಉಂಡದ್ದು ಇದನ್ನೇ. ರಾತ್ರಿ ಎಂಟಕ್ಕೆ ಬುನ್ ಚಾ ಹುಡುಕಿಕೊಂಡು ಹೋಗಬೇಡಿ, ಅದು ಮಧ್ಯಾಹ್ನದ ಊಟ.

ರಾತ್ರಿಗೆ ಚಾ ಕಾ. ಅರಿಸಿನ ಹಚ್ಚಿದ ಮೀನಿನ ತುಂಡುಗಳನ್ನು ನಿಮ್ಮ ಮೇಜಿನ ಮೇಲೆಯೇ ಸಣ್ಣ ಒಲೆಯಲ್ಲಿ ಎಣ್ಣೆ ಹಾಕಿ ಬಾಡಿಸಿ, ಅದಕ್ಕೆ ರಾಶಿ ಸಬ್ಬಸಿಗೆ ಸೊಪ್ಪು ಸುರಿಯುತ್ತಾರೆ. ಹೌದು, ನಾವು ಅಕ್ಕಿರೊಟ್ಟಿಗೆ ಹಾಕುವ ಅದೇ ಸಬ್ಬಸಿಗೆ. ಅರಿಸಿನ, ಸಬ್ಬಸಿಗೆ, ಹುರಿದ ಕಡಲೆಕಾಯಿ ಬೀಜ ಮೂರೂ ಒಟ್ಟಿಗೆ ಬಾಯಿಗೆ ಬಂದಾಗ ಕನ್ನಡದ ನಾಲಗೆಗೆ ಅದು ಪರದೇಶದ ಊಟ ಅನಿಸುವುದೇ ಇಲ್ಲ. ದೋವಾನ್ ಎಂಬ ಮನೆತನದವರು 1871ರಿಂದ ಮಾಡಿಕೊಂಡು ಬಂದದ್ದೆಂದು ಹೇಳುವ ತಿನಿಸು ಇದು. ಇದು ಎಷ್ಟು ಹೆಸರಾಯಿತೆಂದರೆ ಅವರ ಅಂಗಡಿಯಿದ್ದ ಬೀದಿಗೇ ಚಾ ಕಾ ಬೀದಿ ಎಂಬ ಹೆಸರು ನಿಂತಿತು.

ಎರಡನೆಯ ದಿನ ಬೆಳಿಗ್ಗೆ ಬಾನ್ ಕುವೊನ್ ತಿನ್ನಿ. ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ನೀರುದೋಸೆ ಹಿಟ್ಟಿನಷ್ಟೇ ತೆಳ್ಳನೆಯ ಅಕ್ಕಿಹಿಟ್ಟು ಹೊಯ್ದು, ಮುಚ್ಚಿ, ಅರೆನಿಮಿಷದಲ್ಲಿ ಬಿದಿರಿನ ಕಡ್ಡಿಯಿಂದ ಆ ಪೊರೆಯನ್ನು ಎತ್ತುತ್ತಾರೆ. ಒಳಗೆ ಅಣಬೆ ಮತ್ತು ಹಂದಿಮಾಂಸ, ಮೇಲೆ ಕೆಂಪಗೆ ಕರಿದ ಸಣ್ಣ ಈರುಳ್ಳಿ. ತಿಂದ ಮೇಲೆ ಮೊಟ್ಟೆ ಕಾಫಿ ಕುಡಿಯಿರಿ. 1946ರಲ್ಲಿ ಹಾಲಿನ ಅಭಾವವಿದ್ದಾಗ, ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ಗ್ವೆನ್ ವಾನ್ ಜಾಂಗ್ ಎಂಬವರು ಮೊಟ್ಟೆಯ ಹಳದಿಯನ್ನು ಸಕ್ಕರೆಯೊಡನೆ ನೊರೆ ಬರುವಂತೆ ಕಡೆದು ಕಡುಕಾಫಿಯ ಮೇಲೆ ಹಾಕಿದರು. ಅವರ ಮನೆಯವರ ಅಂಗಡಿ ಹಳೆಯ ಪೇಟೆಯಲ್ಲಿ ಇಂದಿಗೂ ನಡೆಯುತ್ತಿದೆ.

ಸಸ್ಯಾಹಾರಿಗಳು ಇಷ್ಟು ಹೊತ್ತಿಗೆ ರೇಡಿಯೊ ಆರಿಸಲು ಕೈ ಚಾಚಿರಬಹುದು. ದಯವಿಟ್ಟು ಆರಿಸಬೇಡಿ, ನಿಮಗೂ ಅದೇ ಮಾತು: ಒಂದು ಅಂಗಡಿ, ಒಂದು ತಿನಿಸು. ಮಾಂಸದ ಅಂಗಡಿಯಲ್ಲಿ ಕುಳಿತು "ಮಾಂಸ ತೆಗೆದು ಕೊಡಿ" ಎನ್ನುವುದು ವ್ಯರ್ಥ, ಏಕೆಂದರೆ ಸಾರಿನಲ್ಲಿ ಮೂಳೆಯಿದೆ, ಪಲ್ಯದಲ್ಲಿ ಕೂಡ ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ತೆಗೆದ ನ್ಯುಕ್ ಮಾಮ್ ಎಂಬ ಮೀನಿನ ರಸವಿದೆ. ನೀವು ಹೋಗಬೇಕಾದದ್ದು 'ಚಾಯ್' ಎಂದು ಫಲಕ ಹಾಕಿದ ಅಂಗಡಿಗೆ. ಅದು ಬೌದ್ಧರ ಸಸ್ಯಾಹಾರದ ಅಂಗಡಿ. ತೋಫು, ಅಣಬೆ, ಸೊಪ್ಪು, ಶಾವಿಗೆ ಎಲ್ಲವೂ ಅಲ್ಲಿ ಧಾರಾಳ. ಅವರ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು 15ನೆಯ ದಿನ ಬೌದ್ಧರು ಅನೇಕರು ಮಾಂಸ ಬಿಡುತ್ತಾರೆ. ಆ ದಿನಗಳಲ್ಲಿ ಬೀದಿ ಬೀದಿಯಲ್ಲಿ ಸಸ್ಯಾಹಾರ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಲೆಕ್ಕ ನಮ್ಮವರಿಗೆ ಕಲಿಸಬೇಕಾಗಿಲ್ಲ. ಆ ದಿನಗಳಿಗೆ ಹೊಂದಿಸಿಕೊಂಡು ಹೋಗಿ.

ಎರಡನೆಯ ದಿನ ರಾತ್ರಿ ರೈಲು ಹತ್ತಿದರೆ ಮೂರನೆಯ ದಿನ ಮಧ್ಯಾಹ್ನದೊಳಗೆ ಹುಯೆ ತಲಪುತ್ತೀರಿ. 1802ರಿಂದ 1945ರವರೆಗೆ ಗ್ವೆನ್ ವಂಶದ ದೊರೆಗಳ ರಾಜಧಾನಿಯಾಗಿದ್ದ ಊರು ಇದು. ಅರಮನೆಯ ಅಡುಗೆಯ ಅಚ್ಚುಕಟ್ಟು ಇಲ್ಲಿನ ಬೀದಿ ತಿಂಡಿಗಳಲ್ಲೂ ಕಾಣುತ್ತದೆ. ಬಾನ್ ಬೆವ್ ಎಂಬುದು ಅಂಗೈಯಗಲದ ಪಿಂಗಾಣಿ ತಟ್ಟೆಗಳಲ್ಲೇ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಕಡುಬು. ಮೇಲೆ ಒಣಸಿಗಡಿಯ ಪುಡಿ ಉದುರಿಸಿರುತ್ತಾರೆ. ಅದು ಅಪರಾಹ್ನದ ತಿಂಡಿ. ಮಜ್ಜಿಗೆ ಹುಲ್ಲು ಹಾಕಿದ ಖಾರದ ಶಾವಿಗೆ ಸಾರು ಬುನ್ ಬೊ ಹುಯೆ ಬೆಳಗಿನದು. ಅದು ದನದ ಮಾಂಸದ್ದು, ಬೇಡದವರು ಮರುದಿನ ಬೆಳಿಗ್ಗೆ ಕಮ್ ಹೆನ್ ತಿನ್ನಬಹುದು: ಆರಿದ ಅನ್ನದ ಮೇಲೆ ಹುವೊಂಗ್ ನದಿಯ ಸಣ್ಣ ಚಿಪ್ಪುಮಾಂಸ, ಬಾಳೆಹೂವಿನ ಎಳೆ, ಕಡಲೆಕಾಯಿ ಬೀಜ, ಸೊಪ್ಪು, ಜೊತೆಗೆ ಕರಿದ ಹಂದಿಚರ್ಮ. ಇದನ್ನು ಕಲಸಿ ತಿನ್ನಬೇಕು.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ, ಸೈಗಾನ್ ಇನ್ನೂ ಬಾಕಿಯಿದೆ. 1976ರಿಂದ ಅದರ ಅಧಿಕೃತ ಹೆಸರು ಹೋ ಚಿ ಮಿನ್ ನಗರ. ಜನರ ಬಾಯಲ್ಲಿ ಇನ್ನೂ ಸೈಗಾನ್. ಅಲ್ಲಿ ಬೆಳಿಗ್ಗೆ ಕಮ್ ತಾಮ್, ಅಂದರೆ ನುಚ್ಚಕ್ಕಿಯ ಅನ್ನ. ಗಿರಣಿಯಲ್ಲಿ ಉಳಿದ ನುಚ್ಚು ಬಡವರ ಪಾಲಿಗೆ ಬರುತ್ತಿದ್ದ ಕಾಲದ ಊಟ, ಈಗ ಇಡೀ ನಗರದ ತಿಂಡಿ. ದಾರಿಯಲ್ಲಿ ಹಸಿವಾದರೆ ಬಾನ್ ಮಿ ಕೊಳ್ಳಿ: ಫ್ರೆಂಚರು ಬಿಟ್ಟುಹೋದ ಉದ್ದನೆಯ ಬ್ರೆಡ್ಡನ್ನು ಸೀಳಿ ಮಾಂಸ, ವಿನೆಗರಿನಲ್ಲಿ ನೆನೆದ ಗಜ್ಜರಿ ಮೂಲಂಗಿ, ಕೊತ್ತಂಬರಿ, ಮೆಣಸಿನಕಾಯಿ ತುಂಬುತ್ತಾರೆ. ಸಂಜೆಗೆ ಬಾನ್ ಸೆವೊ: ಅಕ್ಕಿಹಿಟ್ಟು, ಅರಿಸಿನ, ಕಾಯಿಹಾಲಿನಿಂದ ದೋಸೆಯಂತೆ ಗರಿಗರಿಯಾಗಿ ಹೊಯ್ದು, ಸಾಸಿವೆ ಸೊಪ್ಪಿನ ಎಲೆಯಲ್ಲಿ ಸುತ್ತಿ ತಿನ್ನುವಂಥದು. ರಾತ್ರಿ ಹತ್ತರ ಮೇಲೆ ವಿನ್ ಖಾನ್ ಬೀದಿಯಲ್ಲಿ ಬಸವನಹುಳು, ಚಿಪ್ಪುಮೀನು. ಇನ್ನು ಕಾಫಿ. ವಿಯೆಟ್ನಾಂ ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲೇ ಹೆಚ್ಚು ಕಾಫಿ ಬೆಳೆಯುವ ದೇಶ, ಅದರಲ್ಲಿ ಬಹುಪಾಲು ರೊಬಸ್ಟಾ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಹೋದರೆ, ರೊಬಸ್ಟಾವನ್ನು ಕಡುವಾಗಿ ಹುರಿದು ಮಂದಹಾಲು, ಮಂಜುಗಡ್ಡೆ ಹಾಕಿ ಅವರು ಮಾಡುವುದನ್ನು ಅವಶ್ಯವಾಗಿ ಕುಡಿದು ನೋಡಬೇಕು. ಕಾಫಿಗೆ ಮಾತ್ರ ಹೊತ್ತಿನ ಕಟ್ಟುಪಾಡಿಲ್ಲ.

ಹಣ ಕೊಡುವಾಗ ಜಾಗ್ರತೆ: 20,000 ಡಾಂಗಿನ ನೋಟೂ 5,00,000 ಡಾಂಗಿನ ನೋಟೂ ನೀಲಿಯವೇ, ಸಂಜೆಗತ್ತಲಲ್ಲಿ ಒಂದೇ ತೆರ ಕಾಣುತ್ತವೆ, ಸೊನ್ನೆ ಎಣಿಸಿ ಕೊಡಿ. ಜನವರಿ ಕೊನೆಯಲ್ಲೋ ಫೆಬ್ರವರಿಯಲ್ಲೋ ಬರುವ ಅವರ ಹೊಸವರ್ಷದ ಟೆಟ್ ಹಬ್ಬದ ವಾರದಲ್ಲಿ ಅಂಗಡಿಯವರೆಲ್ಲ ತಮ್ಮ ತಮ್ಮ ಊರಿಗೆ ಹೋಗಿರುತ್ತಾರೆ, ನಾನು ಹೇಳಿದ ಬಹುತೇಕ ತಿನಿಸು ಆಗ ಸಿಗುವುದಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಹೋದರೆ ಹನೋಯ್‌ನಲ್ಲಿ ಹವೆ ಹಿತವಾಗಿರುತ್ತದೆ, ಎಳೆ ಭತ್ತವನ್ನು ಹುರಿದು ಕುಟ್ಟಿದ ಹಸಿರು ಅವಲಕ್ಕಿಯನ್ನು ತಾವರೆ ಎಲೆಯಲ್ಲಿ ಕಟ್ಟಿ ಮಾರುವ ಹೆಂಗಸರೂ ಆಗ ಬೀದಿಗೆ ಬರುತ್ತಾರೆ. ಅವರನ್ನೂ ಬೆಳಿಗ್ಗೆಯೇ ಹುಡುಕಿ. ನಮಸ್ಕಾರ.