ಕೊನೆಯ ಅಕ್ಷರ ಇನ್ನೂ ದಾರಿಯಲ್ಲಿರುವಾಗ: ಬೂಟ್‌ಲೋಡರ್‌ನ ಸೀರಿಯಲ್ ಡ್ರೈವರ್‌ಗೆ ಟಿಪ್ಪಣಿ ಬರೆದ ಭಾನುವಾರ

ನಮಸ್ಕಾರ. ಧಾರವಾಡದ ಸಪ್ತಾಪುರದ ಈ ಮಹಡಿ ಕೋಣೆ ನಿಮಗೆ ಹೊಸದಲ್ಲ. ಇಂದು ಮೇಜಿನ ಮೇಲೆ ಇರುವುದು ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಯುಎಸ್‌ಬಿ ಸೀರಿಯಲ್ ಕೇಬಲ್ ಮತ್ತು ದೂರದ ತಂತಿಗೆ ಸಂಕೇತ ದಾಟಿಸುವ ಆರ್‌ಎಸ್-485 ಪರಿವರ್ತಕ. ತಂತಿ ಜೋಡಿಸುವ ಕ್ರಮವನ್ನು ದೃಶ್ಯವೇ ತೋರಿಸುತ್ತಿದೆ, ಅದನ್ನು ನಾನು ಓದಿ ಹೇಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ: ಈ ಬೋರ್ಡಿನ ಕನ್ಸೋಲ್ ಪಿನ್‌ಗಳು 3.3 ವೋಲ್ಟಿನವು, ಅವಕ್ಕೆ 5 ವೋಲ್ಟಿನ ಕೇಬಲ್ ಸಿಕ್ಕಿಸಬೇಡಿ.

ಇಂದಿನ ಕೆಲಸ, ಯು-ಬೂಟ್ ಎಂಬ ಬೂಟ್‌ಲೋಡರ್‌ನಲ್ಲಿ ನಾವು ಬಳಸುವ ಸೀರಿಯಲ್ ಡ್ರೈವರ್‌ಗೆ (ಅಕ್ಷರಗಳನ್ನು ಬಿಟ್ ಬಿಟ್ ಆಗಿ ಸಾಗಿಸುವ ಪೋರ್ಟನ್ನು ನಡೆಸುವ ಕೋಡ್) ಸರಿಯಾದ ಟಿಪ್ಪಣಿ, ಅಂದರೆ ಕೋಡ್ ಓದುವವರಿಗಾಗಿ ಅದರೊಳಗೇ ಇಡುವ ವಿವರಣೆ, ಬರೆಯುವುದು. ಬೋರ್ಡಿಗೆ ವಿದ್ಯುತ್ ಬಂದು ಲಿನಕ್ಸ್ ಏಳುವ ಮೊದಲು ಓಡುವ ತಂತ್ರಾಂಶ ಈ ಬೂಟ್‌ಲೋಡರ್. ಆ ಹೊತ್ತಿಗೆ ಪರದೆ ಇರುವುದಿಲ್ಲ, ನೆಟ್‌ವರ್ಕ್ ಇನ್ನೂ ಎದ್ದಿರುವುದಿಲ್ಲ. ಬೋರ್ಡ್ ತನ್ನ ಸ್ಥಿತಿಯನ್ನು ಹೇಳಿಕೊಳ್ಳಲು ಇರುವುದು ಸೀರಿಯಲ್ ಪೋರ್ಟ್ ಒಂದೇ. ಡ್ರೈವರ್ ಚಿಕ್ಕದು, ಕೆಲವೇ ನೂರು ಸಾಲು. ಚಿಕ್ಕದಾಗಿರುವುದರಿಂದಲೇ ಅದಕ್ಕೆ ವಿವರಣೆ ಬೇಡ ಎಂದು ಬಹಳ ಜನ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದು, ಕಳೆದ ವರ್ಷ ನಮ್ಮ ಬೋರ್ಡಿನ ಪ್ರತಿಯಲ್ಲಿ ಫಂಕ್ಷನ್‌ಗಳ (ಒಂದೊಂದು ಕೆಲಸ ಮಾಡುವ ಕೋಡ್ ತುಣುಕುಗಳ) ತಲೆಯ ಮೇಲೆ ಒಂದೊಂದು ಸಾಲು ಗೀಚಿ ಮುಗಿಸಿದ್ದೆ. ಅವುಗಳಲ್ಲಿ ಒಂದು ಸಾಲು ಸುಳ್ಳಾಗಿತ್ತು, ಈ ವಿಡಿಯೊ ಹುಟ್ಟಿದ್ದು ಆ ಸಾಲಿನಿಂದ.

ಪರದೆಯ ಮೇಲೆ ಈಗ ಕಾಣುತ್ತಿರುವುದು 'ಪೆಂಡಿಂಗ್' ಎಂಬ ಫಂಕ್ಷನ್. ಅದನ್ನು ಎರಡು ರೀತಿಯಲ್ಲಿ ಕೇಳಬಹುದು: ಒಳಗೆ ಬಂದ ಅಕ್ಷರ ಕಾದಿದೆಯೇ, ಅಥವಾ ಹೊರಗೆ ಹೋಗಬೇಕಾದ ಅಕ್ಷರ ಕಾದಿದೆಯೇ. ಎರಡನೆಯ ಪ್ರಶ್ನೆಗೆ ಸೊನ್ನೆ ಉತ್ತರ ಬಂದರೆ 'ಎಲ್ಲ ಅಕ್ಷರಗಳೂ ಹೊರಟುಹೋಗಿವೆ' ಎಂದು ನಾನು ಬರೆದಿದ್ದೆ. ಓದಲು ಸರಳವಾದ, ನಂಬಲು ಸುಲಭವಾದ ವಾಕ್ಯ.

ನಮ್ಮ ತಂಡ ಬ್ಯಾಡಗಿಯ ಒಂದು ಮೆಣಸಿನಕಾಯಿ ಶೈತ್ಯಾಗಾರಕ್ಕೆ ಉಷ್ಣಾಂಶ ಓದುವ ಪೆಟ್ಟಿಗೆಗಳನ್ನು ಮಾಡಿಕೊಡುತ್ತಿದೆ. ಕೋಣೆಗಳು ಒಂದರಿಂದೊಂದು ದೂರ ಇರುವುದರಿಂದ, 1,200 ಮೀಟರ್‌ವರೆಗೂ ಎಳೆಯಬಹುದಾದ ಆರ್‌ಎಸ್-485 ಜೋಡಣೆಯನ್ನು ಆರಿಸಿಕೊಂಡೆವು. ಎರಡೇ ತಂತಿಯ ಈ ಜೋಡಣೆಯಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತನಾಡಬೇಕು. ಮಾತು ಆರಂಭಿಸುವ ಮೊದಲು, ಕಳುಹಿಸು ಇಲ್ಲವೇ ಕೇಳು ಎಂದು ಪರಿವರ್ತಕಕ್ಕೆ ಹೇಳುವ ದಿಕ್ಕಿನ ಪಿನ್ ಮೇಲೆತ್ತಬೇಕು, ಮುಗಿದೊಡನೆ ಕೆಳಗಿಳಿಸಿ ತಂತಿಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕು. ಬೂಟ್‌ಲೋಡರ್ ಇದೇ ತಂತಿಯ ಮೇಲೆ ಹೊಸ ತಂತ್ರಾಂಶವನ್ನು ಕೇಳಿ ಪಡೆಯುವ ಭಾಗವನ್ನು, ಗದಗಿನಿಂದ ಬಂದು ನಮ್ಮಲ್ಲಿ ಇಂಟರ್ನ್ ಆಗಿರುವ ಹುಡುಗನಿಗೆ ಒಪ್ಪಿಸಿದ್ದೆ. ಅವನು ನನ್ನ ಟಿಪ್ಪಣಿ ಓದಿದ, ಪೆಂಡಿಂಗ್ ಸೊನ್ನೆ ಹೇಳಿದ ಕೂಡಲೇ ದಿಕ್ಕಿನ ಪಿನ್ ಇಳಿಸಿದ. ಟಿಪ್ಪಣಿ ನಿಜವಾಗಿದ್ದರೆ ಅವನು ಬರೆದದ್ದರಲ್ಲಿ ತಪ್ಪೇ ಇರಲಿಲ್ಲ.

ಹೊಸ ತಂತ್ರಾಂಶ ಕೊಡಬೇಕಾದ, ತಂತಿಯ ಆಚೆ ತುದಿಯ ಕಂಪ್ಯೂಟರ್ ಮಾತ್ರ ಉತ್ತರ ಕೊಡಲಿಲ್ಲ. ಅದರ ಪರದೆಯ ಮೇಲೆ ನೋಡಿದರೆ ಬೋರ್ಡ್ ಕಳುಹಿಸಿದ ಸಾಲು ಪೂರ್ತಿ ಬಂದಂತೆಯೇ ಕಾಣುತ್ತಿತ್ತು. ಕಣ್ಣಿಗೆ ಕಾಣುವ ಅಕ್ಷರ ಒಂದೂ ಕಡಿಮೆ ಇರಲಿಲ್ಲ. ಬಾರದೆ ಉಳಿದದ್ದು ಸಾಲು ಮುಗಿಯಿತೆಂದು ಹೇಳುವ, ಕಣ್ಣಿಗೆ ಕಾಣದ ಹೊಸಸಾಲಿನ ಅಕ್ಷರ. ಅದು ಬರುವವರೆಗೆ ಆಚೆಯವರು ಕಾಯುತ್ತಲೇ ಇದ್ದರು. ಹುಡುಗ ಮೂರು ಸಂಜೆ ಇದರ ಹಿಂದೆ ಬಿದ್ದ. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಲು ಕನ್ಸೋಲ್‌ಗೆ ಒಂದು ಸಾಲು ಮುದ್ರಿಸುವ ಆಜ್ಞೆಯನ್ನು ನಡುವೆ ಸೇರಿಸಿದರೆ ದೋಷ ಮಾಯವಾಗುತ್ತಿತ್ತು, ತೆಗೆದರೆ ಮರಳಿ ಬರುತ್ತಿತ್ತು. ಮುದ್ರಿಸಲು ತಗಲುವ ಹೊತ್ತಿನಲ್ಲಿ ಕೊನೆಯ ಅಕ್ಷರ ಸದ್ದಿಲ್ಲದೆ ದಾಟಿಹೋಗುತ್ತಿತ್ತು ಎಂಬುದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಪರಿವರ್ತಕವೇ ಕೆಟ್ಟಿರಬೇಕೆಂದು ತೀರ್ಮಾನಿಸಿ, ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಕೊಪ್ಪೀಕರ್ ರಸ್ತೆಯ ಒಂದು ಅಂಗಡಿಯಲ್ಲಿ 650 ರೂಪಾಯಿ ಕೊಟ್ಟು ಹೊಸದನ್ನು ತಂದ. ಅದೂ ಹಾಗೆಯೇ ವರ್ತಿಸಿತು. ಆ 650 ರೂಪಾಯಿಯನ್ನು ನಾನು ಅವನಿಗೆ ಮರಳಿ ಕೊಟ್ಟಿದ್ದೇನೆ, ಆದರೆ ಮೂರು ಸಂಜೆಗಳನ್ನು ಕೊಡಲು ನನ್ನಿಂದ ಆಗುವುದಿಲ್ಲ, ಅದು ಇಂದಿಗೂ ನನ್ನನ್ನು ಕಾಡುತ್ತಿದೆ. ನಾಲ್ಕನೆಯ ದಿನ, ಪಿನ್ ಇಷ್ಟು ಬೇಗ ಏಕೆ ಇಳಿಸಿದೆ ಎಂದು ಕೇಳಿದಾಗ ಅವನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಅಕ್ಕಾರ, ನಿಮ್ಮ ಕಾಮೆಂಟಿನ್ಯಾಗ ಹಂಗ ಐತಲ್ರಿ" ಎಂದ.

ಈಗ ಚಿತ್ರವನ್ನು ಹತ್ತಿರದಿಂದ ನೋಡಿ. ತಂತಿಯ ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ಮೇಲಿನ ಗೆರೆ ದಿಕ್ಕಿನ ಪಿನ್, ಕೆಳಗಿನದು ಬೋರ್ಡ್ ಕಳುಹಿಸುತ್ತಿರುವ ಅಕ್ಷರಗಳು. ವೇಗ ಸೆಕೆಂಡಿಗೆ 9600 ಬಿಟ್, ಅಂದರೆ ಒಂದು ಬಿಟ್‌ಗೆ ಸುಮಾರು 104 ಮೈಕ್ರೋಸೆಕೆಂಡ್. ಆರಂಭದ ಬಿಟ್ ಒಂದು, ಅಕ್ಷರದ ಬಿಟ್ ಎಂಟು, ಕೊನೆಯ ಬಿಟ್ ಒಂದು ಸೇರಿ ಒಂದು ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ಕೊಂಚ ಹೆಚ್ಚು. ಮೇಲಿನ ಗೆರೆ ಕೆಳಗಿಳಿದಿರುವುದು ಕೊನೆಯ ಅಕ್ಷರದ ಆರಂಭದಲ್ಲಿಯೇ. ಉಳಿದ ಭಾಗವೆಲ್ಲ ಪರಿವರ್ತಕದ ಈಚೆಯೇ ಉಳಿದು, ತಂತಿಗೆ ಇಳಿಯಲೇ ಇಲ್ಲ.

ಕಾರಣ ಚಿಪ್ಪಿನ ಒಳಗಿದೆ. ಐಬಿಎಂ 1981ರಲ್ಲಿ ತಂದ ಪಿಸಿಯ ಸೀರಿಯಲ್ ಕಾರ್ಡಿನಲ್ಲಿದ್ದ 8250 ಚಿಪ್ಪಿನ ರಿಜಿಸ್ಟರ್‌ಗಳ (ಚಿಪ್ಪಿನೊಳಗಿನ ಪುಟ್ಟ ನೆನಪಿನ ಖಾನೆಗಳ) ವಿನ್ಯಾಸವನ್ನೇ ಈ ಬೋರ್ಡಿನ ಪ್ರೊಸೆಸರ್ ಕೂಡ ಬಹುಮಟ್ಟಿಗೆ ಅನುಸರಿಸುತ್ತದೆ. ಹೊರಡುವ ಅಕ್ಷರಕ್ಕೆ ಅದರಲ್ಲಿ ಎರಡು ತಾಣಗಳಿವೆ: ಕಾಯುವ ಜಾಗ ಒಂದು, ಬಿಟ್ ಬಿಟ್ ಆಗಿ ಹೊರಗೆ ತಳ್ಳುವ ಶಿಫ್ಟ್ ರಿಜಿಸ್ಟರ್ ಇನ್ನೊಂದು. ಸ್ಥಿತಿ ತಿಳಿಸುವ ಲೈನ್ ಸ್ಟೇಟಸ್ ರಿಜಿಸ್ಟರ್‌ನಲ್ಲಿ, ಸೊನ್ನೆಯಿಂದ ಎಣಿಸಿದರೆ, 5ನೇ ಬಿಟ್ ಕಾಯುವ ಜಾಗ ಖಾಲಿ ಎಂದಷ್ಟೇ ಹೇಳುತ್ತದೆ. ಎರಡೂ ಖಾಲಿ ಎಂದು ಹೇಳುವುದು 6ನೇ ಬಿಟ್. ಪೆಂಡಿಂಗ್ ನೋಡುವುದು 5ನೆಯದನ್ನು. ಜುಬಿಲಿ ಸರ್ಕಲ್‌ನ ನಿಲ್ದಾಣದಲ್ಲಿ ಬೆಂಚು ಖಾಲಿಯಾಯಿತೆಂದರೆ ಕುಳಿತಿದ್ದವರು ಬಸ್ಸು ಹತ್ತಿದರು ಎಂದರ್ಥ, ಹುಬ್ಬಳ್ಳಿ ಮುಟ್ಟಿದರು ಎಂದಲ್ಲ. ಡ್ರೈವರ್ ತನ್ನ ಮಟ್ಟಿಗೆ ಸರಿಯಾಗಿಯೇ ಇದೆ, ಏಕೆಂದರೆ ಮುಂದಿನ ಅಕ್ಷರಕ್ಕೆ ಜಾಗ ಇದೆಯೇ ಎಂದು ತಿಳಿಯಲು 5ನೇ ಬಿಟ್ ಸಾಕು. 'ಖಾಲಿ' ಎಂಬ ಒಂದೇ ಮಾತಿನಲ್ಲಿ ಎರಡು ಸ್ಥಿತಿಗಳನ್ನು ಕಲಸಿಬಿಟ್ಟದ್ದು ನನ್ನ ವಾಕ್ಯ.

ಹೊಸ ಟಿಪ್ಪಣಿಯನ್ನು ನಾನು ಹೀಗೆ ಬರೆದಿದ್ದೇನೆ: 'ಸೊನ್ನೆ ಎಂದರೆ ಇನ್ನೊಂದು ಅಕ್ಷರ ಕೊಡಬಹುದು ಎಂದು ಮಾತ್ರ ಅರ್ಥ. ಕೊನೆಯ ಅಕ್ಷರ ಇನ್ನೂ ಶಿಫ್ಟ್ ರಿಜಿಸ್ಟರ್‌ನಲ್ಲಿ ಇರಬಹುದು. ವೇಗ ಬದಲಿಸುವ, ಗಡಿಯಾರ ನಿಲ್ಲಿಸುವ ಅಥವಾ ದಿಕ್ಕಿನ ಪಿನ್ ಇಳಿಸುವ ಮೊದಲು 6ನೇ ಬಿಟ್ ಏಳುವವರೆಗೆ ಕಾಯಬೇಕು.' ಕಡತದಲ್ಲಿ ಇದು ಇಂಗ್ಲಿಷಿನಲ್ಲಿದೆ, ನಿಮಗೆ ಕನ್ನಡದಲ್ಲಿ ಹೇಳಿದೆ. ಫಂಕ್ಷನ್‌ನ ಹೆಸರು, ಆ್ಯಟ್ ಚಿಹ್ನೆಯೊಂದಿಗೆ ಒಂದೊಂದು ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮಾಹಿತಿ), ಕೊನೆಗೆ ಹಿಂತಿರುಗಿಸುವ ಬೆಲೆ, ಈ ಕ್ರಮದಲ್ಲಿ ಬರೆದರೆ ಸ್ಫಿಂಕ್ಸ್ ಎಂಬ ಸಲಕರಣೆ ಅದರಿಂದ ಓದಬಹುದಾದ ಪುಟವನ್ನು ತಾನೇ ಕಟ್ಟಿಕೊಡುತ್ತದೆ.

ಒಳ್ಳೆಯ ಟಿಪ್ಪಣಿಗೆ ಮಾದರಿ ಬೇಕಿದ್ದರೆ ಇದೇ ಡ್ರೈವರ್‌ನಲ್ಲಿ ಒಂದಿದೆ. ಅಕ್ಷರ ಕಳುಹಿಸುವ ಫಂಕ್ಷನ್ ಪ್ರತಿ ಹೊಸಸಾಲಿಗೆ ವಾಚ್‌ಡಾಗ್ ಟೈಮರ್ ಅನ್ನು (ಆಗಾಗ ತಟ್ಟದಿದ್ದರೆ ಬೋರ್ಡನ್ನು ಮರುಆರಂಭಿಸುವ ಕಾವಲು ಗಡಿಯಾರ) ತಟ್ಟುತ್ತದೆ. ಸೀರಿಯಲ್ ಡ್ರೈವರ್‌ಗೂ ವಾಚ್‌ಡಾಗ್‌ಗೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸುತ್ತದೆ, ಅಚ್ಚುಕಟ್ಟು ಮಾಡುವ ಹುರುಪಿನಲ್ಲಿ ಆ ಸಾಲನ್ನು ಅಳಿಸಲೂಬಹುದು. ಮೇಲಿನ ಟಿಪ್ಪಣಿ ಅದನ್ನು ತಡೆಯುತ್ತದೆ: ಬೋರ್ಡಿನ ಎಲ್ಲ ಸೆಟ್ಟಿಂಗ್‌ಗಳನ್ನು ತೋರಿಸುವ ಆಜ್ಞೆ ಇಡೀ ಪಟ್ಟಿಯನ್ನು ಒಂದೇ ಸಲಕ್ಕೆ ಮುದ್ರಿಸಲು ಕೊಡುತ್ತದೆ, ಆದ್ದರಿಂದ ತಟ್ಟುವ ಕೆಲಸ ಇಲ್ಲಿಯೇ ಆಗಬೇಕು ಎಂದು ಕಾರಣವನ್ನು ಹೇಳುತ್ತದೆ. ಬರೆದವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಚಹಾ ತಂದ ದೃಶ್ಯ ಮುಗಿಯಿತು, ಮುಂದಿನದಕ್ಕೆ ಬರುತ್ತೇನೆ. ವೇಗ ಲೆಕ್ಕ ಹಾಕುವ ಫಂಕ್ಷನ್ ಇದು. ಬೋರ್ಡಿನ ಗಡಿಯಾರ 48 ಮೆಗಾಹರ್ಟ್ಸ್. ಅದನ್ನು 16ರಿಂದಲೂ 9600ರಿಂದಲೂ ಭಾಗಿಸಿದರೆ 312.5 ಬರುತ್ತದೆ, ಸರಿಯಾಗಿ ನಡುಮಧ್ಯೆ. ಡ್ರೈವರ್ ಅದನ್ನು 313 ಮಾಡುತ್ತದೆ, ಹೀಗಾಗಿ ನಿಜವಾದ ವೇಗ ಶೇಕಡ 0.16ರಷ್ಟು ಕಡಿಮೆ. ಒಂದು ಅಕ್ಷರದ ಆರಂಭದಿಂದ ಕೊನೆಯ ಬಿಟ್‌ನ ನಡುವಿನವರೆಗೆ ಒಂಬತ್ತೂವರೆ ಬಿಟ್‌ಗಳ ಅವಧಿ. ಅಷ್ಟರಲ್ಲಿ ಒಟ್ಟು ಜಾರುವಿಕೆ ಅರ್ಧ ಬಿಟ್ ಮುಟ್ಟಬಾರದು. ಇಲ್ಲಿ ಜಾರುವುದು ಒಂದು ಬಿಟ್‌ನ ಶೇಕಡ ಒಂದೂವರೆಯಷ್ಟು, ಆದ್ದರಿಂದ ಯಾವ ಭಯವೂ ಇಲ್ಲ. ಈ ಲೆಕ್ಕವನ್ನು ಟಿಪ್ಪಣಿಯಲ್ಲಿ ಎರಡು ಸಾಲಾಗಿ ಇಟ್ಟಿದ್ದೇನೆ, ಮುಂದೆ ಗಡಿಯಾರ ಬದಲಾದ ಬೋರ್ಡ್ ಬಂದರೆ ಯಾವುದನ್ನು ಪರೀಕ್ಷಿಸಬೇಕೆಂದು ತಿಳಿದಿರಬೇಕು.

ರಿಜಿಸ್ಟರ್‌ಗಳ ಪಟ್ಟಿಯನ್ನು ಟಿಪ್ಪಣಿಯಲ್ಲಿ ಬರೆಯುವುದು ವ್ಯರ್ಥ, ಅದು ಚಿಪ್ಪಿನ ಕೈಪಿಡಿಯಲ್ಲಿದೆ ಎಂದು ಬೆಳಗ್ಗೆ ಚಿತ್ರೀಕರಣ ಆರಂಭಿಸಿದಾಗ ಖಡಾಖಂಡಿತವಾಗಿ ಹೇಳಿದ್ದೆ. ಸಂಜೆಯ ಹೊತ್ತಿಗೆ ನನ್ನ ಅಭಿಪ್ರಾಯ ಬದಲಾಗಿದೆ. ಹಳೆಯ 8250ರಲ್ಲಿ ರಿಜಿಸ್ಟರ್‌ಗಳು ಒಂದರ ಪಕ್ಕ ಒಂದು ಇದ್ದವು, ಈ ಪ್ರೊಸೆಸರ್‌ನಲ್ಲಿ ನಾಲ್ಕು ಬೈಟ್‌ಗೆ ಒಂದರಂತೆ ಇವೆ. 5ನೇ ಸ್ಥಾನದ ಲೈನ್ ಸ್ಟೇಟಸ್ ರಿಜಿಸ್ಟರ್ ಇಲ್ಲಿ ಹೆಕ್ಸ್ 14ರಲ್ಲಿ, ಅಂದರೆ 16ರ ಎಣಿಕೆಯಲ್ಲಿ ಬರೆದ 20ರಲ್ಲಿ, ಕುಳಿತಿದೆ. ಮೊದಲ ಎರಡು ಸ್ಥಾನಗಳಂತೂ, ಲೈನ್ ಕಂಟ್ರೋಲ್ ರಿಜಿಸ್ಟರ್‌ನ ಎಲ್ಲಕ್ಕಿಂತ ಮೇಲಿನ ಬಿಟ್ ಏರಿಸಿದಾಗ ತಮ್ಮ ಎಂದಿನ ಕೆಲಸ ಬಿಟ್ಟು (ಮೊದಲನೆಯದು ಅಕ್ಷರದ ಜಾಗ) ವೇಗದ ಭಾಜಕದ ಜಾಗವಾಗಿ ಬದಲಾಗುತ್ತವೆ. ಆ ಬಿಟ್ ಇಳಿಸಲು ಮರೆತರೆ ಬರೆದ ಅಕ್ಷರ ವೇಗವನ್ನೇ ಕೆಡಿಸುತ್ತದೆ. ಹೀಗಾಗಿ ಪೂರ್ತಿ ಪಟ್ಟಿ ಬೇಡ, ಈ ಎರಡು ಸಂಗತಿಗಳು ಮಾತ್ರ ಕಡತದ ತಲೆಯಲ್ಲಿ ಇರಲಿ ಎಂದು ಸೇರಿಸಿದ್ದೇನೆ.

ಕೊನೆಯ ದೃಶ್ಯ, ಹುಡುಗನೇ ಬಂದು ಕುಳಿತಿದ್ದಾನೆ. ಪಿನ್ ಇಳಿಸುವ ಮೊದಲು ಅವನ ಕೋಡ್ ಈಗ 6ನೇ ಬಿಟ್‌ಗೆ ಕಾಯುತ್ತದೆ. ಆಸಿಲೋಸ್ಕೋಪಿನಲ್ಲಿ ಮೇಲಿನ ಗೆರೆ ಕೊನೆಯ ಅಕ್ಷರವನ್ನು ದಾಟಿಸಿ ಇಳಿಯುವುದು ನಿಮಗೂ ಕಾಣುತ್ತಿದೆ. ಆಚೆಯ ಕಂಪ್ಯೂಟರ್ ಮೊದಲ ಸಲಕ್ಕೇ ಉತ್ತರ ಕೊಟ್ಟಿತು. ಬದಲಾವಣೆಯ ಕೆಳಗೆ ದೋಷ ತಿಳಿಸಿದವರ ಸಾಲಿನಲ್ಲಿ ಅವನ ಹೆಸರನ್ನು ಬರೆದು, ಹೊಸ ಟಿಪ್ಪಣಿಗಳನ್ನು ಅವನಿಗೆ ಓದಿ ಹೇಳಿದೆ. ಪೆಂಡಿಂಗ್‌ನ ಒಳಬರುವ ಭಾಗಕ್ಕೆ ಬಂದಾಗ ಅವನು ತಡೆದ. "ಒಂದ ಅಂದ್ರ ಒಂದ ಅಕ್ಷರ ಬಂದೈತಂತ ಏನ್ರಿ ಅಕ್ಕಾರ?"

ಅಲ್ಲ. ಕನಿಷ್ಠ ಒಂದಿದೆ ಎಂದಷ್ಟೇ ಅರ್ಥ, ಈ ಡ್ರೈವರ್ ಎಣಿಸುವುದಿಲ್ಲ. ಆ ವಾಕ್ಯವನ್ನೂ ಈಗ ಸೇರಿಸುತ್ತಿದ್ದೇನೆ, ಟೈಪ್ ಮಾಡುತ್ತಿರುವುದು ಅವನೇ.